ಕಿವಿಗೆ ಬಿದ್ದ ಕಾದಂಬರಿ

ಆಡಿಯೋ ಪುಸ್ತಕದಲ್ಲಿ ಬರೆದವನಷ್ಟೇ ಅಧಿಕಾರ ಓದುವವನಿಗೂ ಇರುತ್ತದೆ. ಕೆಲವೊಮ್ಮೆ ಒಂದು ತೂಕ ಹೆಚ್ಚೇ. ಶಿರಸಿ ಸೀಮೆಯ ಮತ್ತಿಘಟ್ಟದಂಥ ಊರಿಗೆ ಇದು ಹೊಸ ಸುದ್ದಿಯಲ್ಲ. ಅಲ್ಲಿಯವರು ಕೇಳಿ ಬೆಳೆದ ಯಕ್ಷಗಾನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಯ ದನಿಯೇ ಕಿರೀಟ, ದನಿಯೇ ಗದೆ. ಅದನ್ನು ಕೇಳಿ ಪಳಗಿದ ಕಿವಿಗಳು, ಕೈ ಅಡಿಕೆ ಸುಲಿಯುತ್ತಿದ್ದರೂ, ತೀರ್ಪು ಕೊಡಲು ಸದಾ ಬಿಡುವಾಗಿರುತ್ತವೆ.

ಭೈರಪ್ಪನವರ ‘ಪರ್ವ’ (1979) ಬಹುಪಾಲು ಪಾತ್ರಗಳ ಮನಸ್ಸಿನೊಳಗೇ ಸಾಗುತ್ತದೆ. ಅದನ್ನು ಓದುವವನು ಕುಂತಿಗೂ ಭೀಮನಿಗೂ ಒಂದೇ ಧಾಟಿ ಹಿಡಿದರೆ, ನಡುವೆ ಎದ್ದು ಚಾ ಕುಡಿದು ಬಂದವನಿಗೆ ಯಾರು ಯೋಚಿಸುತ್ತಿದ್ದಾರೆಂದೇ ತಿಳಿಯದು. ಹಾಗೆಂದು ಕುಂತಿಗಾಗಿ ಗಂಟಲು ಸಣ್ಣ ಮಾಡಿದರೆ ಅದು ಇನ್ನೂ ದೊಡ್ಡ ಅಪಾಯ. ಜಾಣನಾದವನು ದನಿ ಬದಲಿಸುವುದಿಲ್ಲ. ಓಟ ಬದಲಿಸುತ್ತಾನೆ, ನಿಲ್ಲಬೇಕಾದಲ್ಲಿ ನಿಲ್ಲುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮತ್ತೊಂದು ಪರೀಕ್ಷೆ. ಗುತ್ತಿಯ ಆಡುಮಾತು ವಾರ್ತೆ ಓದುವ ದನಿಯಲ್ಲಿ ಬಂದರೆ ಅವನ ನಾಯಿ ‘ಹುಲಿಯ’ ಕೂಡ ಅವನ ಗುರುತು ಹಿಡಿಯಲಾರದು. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರಂತೂ ಮಲೆನಾಡಿನ ಮಳೆಯೇ ಹತ್ತು ನಿಮಿಷಕ್ಕೆ ನಿಂತುಹೋಗುತ್ತದೆ. ಇದ್ದ ವೇಗವೇ ಸಾಕು. ಅಡಿಕೆ ರಾಶಿ ಹೇಗೂ ಬೇಗ ಕರಗುವುದಿಲ್ಲ.