ಸರ್ವರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಸರ್ವರ್ ಸಾಹೇಬರೇ,

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರ ನಮಸ್ಕಾರಗಳು. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಮಧುಗಿರಿ ಶೈಕ್ಷಣಿಕ ಜಿಲ್ಲೆಯವರು. ನಿಮ್ಮ ದಾರಿ ಕಾಯುವುದರಲ್ಲಿ ಎಲ್ಲ ದಿನವೂ ಒಂದೇ.

ನೀವು ಬಂದ ಮೇಲೆ ನಮ್ಮ ಶಿಸ್ತು ಬಹಳ ಸುಧಾರಿಸಿದೆ. ರೇಷನ್ ಅಂಗಡಿ ಮುಂದೆ ಚೀಲಗಳನ್ನು ಸಾಲಾಗಿಟ್ಟು ಕೂರುತ್ತೇವೆ. ಕಳೆ ಕಿತ್ತು ಕಿತ್ತು ಗೆರೆ ಸವೆದ ಹೆಬ್ಬೆಟ್ಟನ್ನು ಅಜ್ಜಿ ಸೆರಗಿಗೆ ಒರೆಸಿ, ತಲೆಯ ಎಣ್ಣೆಗೆ ಉಜ್ಜಿ, ಇನ್ನೊಮ್ಮೆ ಒತ್ತುತ್ತಾಳೆ. ‘ಸರ್ವರ್ ಇಲ್ಲ, ನಾಳೆ ಬಾರಮ್ಮ.’ ನಾಳೆಯ ಕೂಲಿಯೂ ಹೋಯಿತಲ್ಲ ಎಂದು ಆಕೆ ಗೊಣಗಿದರೆ ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

2020ರಲ್ಲಿ ಶಾಲೆ ಮುಚ್ಚಿದಾಗ ಮನೆಗೊಂದು ಸ್ಮಾರ್ಟ್‌ಫೋನ್ ಇದೆಯೆಂದು ತಾವು ನಂಬಿದಿರಿ. ಕೊನೆಗೆ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟ್ರುಗಳೇ ಊರೂರಿನ ಜಗಲಿ ಹುಡುಕಿಕೊಂಡು ಹೋಗಬೇಕಾಯಿತು. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಹಾಜರಾತಿಯೂ ತಮ್ಮ ಪಾಲಾಯಿತು: ದಿನಕ್ಕೆರಡು ಫೋಟೊ. ಹಾಕಿದ ಬದು ಕಣ್ಣೆದುರಿಗಿದ್ದರೂ ಫೋಟೊ ಮೇಲೇರದಿದ್ದರೆ ಬದುವೇ ಸುಳ್ಳು!

ಕರೆಂಟಿನ ನೆಪವನ್ನಂತೂ ಹೇಳಬೇಡಿ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಜಮೀನಿಲ್ಲದವರಿಗೆ ಬಿಸಿಲು ಉಚಿತ.

ಒಂದು ಚಾಡಿ ಹೇಳುತ್ತೇನೆ. ತಮ್ಮ ಅಪ್ಪಣೆಗೆ ಕಾಯದ ಉದ್ಧಟರೂ ಇದ್ದಾರೆ. ಹಳ್ಳಿಯವರಿಗೆ ರೇಡಿಯೋ ಲೈಸೆನ್ಸೇ ಸಿಗದಿದ್ದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕೇಬಲ್ ಎಳೆದು ‘ನಮ್ಮ ಧ್ವನಿ’ಯನ್ನು ಮನೆಮನೆಗೆ ಮುಟ್ಟಿಸಿದರು. ಅದು 2003. ಸಮುದಾಯ ಸಂಸ್ಥೆಗಳಿಗೆ ಅನುಮತಿ ಕೊಡುವ ನೀತಿ ಬಂದದ್ದು 2006ರಲ್ಲಿ. ನಮ್ಮ ಮಗ್ಗುಲಲ್ಲೇ, ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ, ಜನಸ್ತು ಸಂಸ್ಥೆಯವರು ಊರವರ ಜೊತೆಗೂಡಿ ಸಮುದಾಯದ್ದೇ ವೈಫೈ ಜಾಲ ಹೆಣೆದಿದ್ದಾರೆ. ಊರಿನ ಮಾತು ಊರಲ್ಲಿ ಸುತ್ತಲು ಬೆಂಗಳೂರಿಗೆ ಹೋಗಿಬರಬೇಕಿಲ್ಲ. ಇಂಥ ಜಾಲದಿಂದ ಅಜ್ಜಿಯ ಅಕ್ಕಿ ಬರುವುದಿಲ್ಲ, ನಿಜ; ಆದರೆ ಯಂತ್ರಕ್ಕೆ ಕೈಮುಗಿಯುವ ಅಭ್ಯಾಸ ತಪ್ಪುತ್ತದೆ.

ನಮ್ಮ ಅರ್ಜಿ ಚಿಕ್ಕದು. ತಾವು ಬಾರದ ದಿನ ಅಕ್ಕಿಯನ್ನು ರಿಜಿಸ್ಟರಿನಲ್ಲಿ ಬರೆದು ಕೊಡಲಿ, ಹಾಜರಿಯನ್ನೂ ಹಾಗೆಯೇ ಬರೆದುಕೊಳ್ಳಲಿ; ತಾವು ಬಂದ ಮೇಲೆ ಲೆಕ್ಕ ಹೊಂದಿಸಿಕೊಳ್ಳಲಿ. ಸಾಹೇಬರು ಓದುತ್ತಾರೋ ಇಲ್ಲವೋ, ಓದುಗರೇ, ನೀವಾದರೂ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ಬರೆಸಿ, ಸಹಿ ಹಾಕಿಸಿ.

ಇಂತಿ,
ಸಾಲಿನಲ್ಲಿರುವವರು