ಎನ್‌ಡಿಎಗೆ ಹೊರಡುವ ವಿಧಾನ: ಸೆಕೆಂಡ್ ಪಿಯುಸಿ ಆವೃತ್ತಿ

ಈ ಕೈಪಿಡಿ ಎನ್‌ಡಿಎ ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಬಯಸುವ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗಿನ, ಮದುವೆಯಾಗದ ಅಭ್ಯರ್ಥಿಗಳಿಗೆ. ಮದುವೆಯ ಷರತ್ತು ನಮ್ಮದಲ್ಲ, ಸರ್ಕಾರದ್ದು. ಬಳಸುವ ಮುನ್ನ ಪೂರ್ತಿ ಓದಿ. ಮನೆಯವರ ಕೈಗೆ ಸಿಗುವ ಮುನ್ನ ಓದಿದರೆ ಇನ್ನೂ ಒಳ್ಳೆಯದು.

ಹಂತ 1: ಮನೆಯಲ್ಲಿ ಹೇಳುವುದು

ಊಟದ ಹೊತ್ತಿಗೆ ಹೇಳಬೇಡಿ. ‘ಸೈನ್ಯ’ ಎಂಬ ಮಾತಿನಿಂದ ಶುರು ಮಾಡಬೇಡಿ, ಅಜ್ಜಿಗೆ ತಕ್ಷಣ ಸಿಯಾಚಿನ್ ಕಾಣಿಸುತ್ತದೆ. ಪುಣೆಯಿಂದ ಶುರು ಮಾಡಿ. ಅಕಾಡೆಮಿಯ ಊರು ಖಡಕ್‌ವಾಸ್ಲಾ ಇರುವುದು ಪುಣೆಯ ಪಕ್ಕದಲ್ಲೇ, ಪುಣೆಯಲ್ಲಿ ಚಿಕ್ಕಪ್ಪನೋ ಅತ್ತೆಯ ಮಗನೋ ಸಾಫ್ಟ್‌ವೇರಿನಲ್ಲಿ ಇದ್ದೇ ಇರುತ್ತಾರೆ. ಮೂರು ವರ್ಷ ಊಟ, ವಸತಿ, ಪಾಠ ಎಲ್ಲ ಸರ್ಕಾರದ ಖರ್ಚು ಎಂದಾಗ ಅಪ್ಪ ಪೇಪರ್ ಕೆಳಗಿಡುತ್ತಾರೆ. ಕೊನೆಗೆ ಸಿಗುವ ಪದವಿ ದೆಹಲಿಯ ಜೆಎನ್‌ಯುದು ಎಂಬುದನ್ನು ಹೇಳಬೇಕೋ ಬೇಡವೋ ಎನ್ನುವುದು ಅವರು ಯಾವ ಚಾನೆಲ್ ನೋಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಕೊಡಗಿನವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಹುಟ್ಟಿದ ಜಿಲ್ಲೆಯಲ್ಲಿ ಯಾಕೆ ಹೋಗುತ್ತೀಯ ಎಂದು ಯಾರೂ ಕೇಳುವುದಿಲ್ಲ, ಯಾಕೆ ಇನ್ನೂ ಹೋಗಿಲ್ಲ ಎಂದು ಕೇಳುತ್ತಾರೆ. ವಿಜಯಪುರ, ಕೊಡಗಿನ ಸೈನಿಕ ಶಾಲೆ, ಬೆಳಗಾವಿ, ಬೆಂಗಳೂರಿನ ಮಿಲಿಟರಿ ಶಾಲೆಗಳ ಮಕ್ಕಳಿಗೂ ಇದು ಅನ್ವಯಿಸದು. ಅವರನ್ನು ಮನೆಯವರು ಆರನೇ ಕ್ಲಾಸಿನಲ್ಲೇ ಕಳಿಸಿಕೊಟ್ಟು ಆಗಿದೆ.

ಹೆಣ್ಣುಮಕ್ಕಳಿಗೆ: 2021ರಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ತೆಗೆಸಿತು. ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಪೆರೇಡ್ ಮಾಡಿ ಹೊರಬಂದರು. ನಿಮಗೆ ಅರ್ಜಿ ಶುಲ್ಕವಿಲ್ಲ. ಆ ಉಳಿತಾಯವೆಲ್ಲ ಮನೆಯವರನ್ನು ಒಪ್ಪಿಸುವುದರಲ್ಲಿ ಖರ್ಚಾಗುತ್ತದೆ.

ಹಂತ 2: ಬರೆಯುವ ಪರೀಕ್ಷೆ

ಯುಪಿಎಸ್‌ಸಿ ವರ್ಷಕ್ಕೆರಡು ಸಲ ನಡೆಸುತ್ತದೆ. ಸಾಮಾನ್ಯವಾಗಿ ಏಪ್ರಿಲ್ಲಿನಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಒಂದು. ಏಪ್ರಿಲ್ ಅಂದರೆ ಸಿಇಟಿ, ಜೆಇಇ ಎಲ್ಲ ಒಟ್ಟಿಗೆ ಮೈಮೇಲೆ ಬೀಳುವ ತಿಂಗಳು. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯ ಎಂಬ ಪತ್ರಿಕೆಗೆ 600. ಎರಡಕ್ಕೂ ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕತ್ತರಿ. ‘ಬರದೇ ಇದ್ರೂ ಏನಾದ್ರೂ ಬರ್ದು ಬಾರೋ, ಪ್ರಶ್ನೆ ನಂಬರ್ ಹಾಕಿದ್ರೂ ಮಾರ್ಕ್ಸ್ ಕೊಡ್ತಾರೆ’ ಎಂಬ ನಮ್ಮ ಪಾರಂಪರಿಕ ಜ್ಞಾನ ಇಲ್ಲಿ ಕೈ ಕೊಡುತ್ತದೆ.

ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಹುಡುಗ ಘರ್ಷಣೆ, ಜಡತ್ವ ಚೆನ್ನಾಗಿ ಬಲ್ಲ, ಪ್ರಶ್ನೆಯೇ ಅವನಿಗೆ ಅಪರಿಚಿತ. ಈ ದೋಷಕ್ಕೆ ಕೈಪಿಡಿಯಲ್ಲಿ ಪರಿಹಾರವಿಲ್ಲ. ತಯಾರಕರನ್ನೇ ಕೇಳಬೇಕು, ಅವರು ದೆಹಲಿಯಲ್ಲಿದ್ದಾರೆ.

ಹಂತ 3: ನಾಯಕತ್ವ ಅಳವಡಿಸಿಕೊಳ್ಳುವುದು

ಬರೆಯುವುದರಲ್ಲಿ ಪಾಸಾದವರಿಗೆ ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯ ಪರೀಕ್ಷೆ, ಐದು ದಿನ, ಮತ್ತೆ 900 ಅಂಕ. ಬೆಂಗಳೂರಿನಲ್ಲಿ ಕೇಂದ್ರವಿದೆ, ವಾಯುಪಡೆಯದು ಮೈಸೂರಿನಲ್ಲೂ ಇದೆ. ಆದರೂ ಭೋಪಾಲ, ಪ್ರಯಾಗರಾಜ್ ಎಲ್ಲಿವೆ ಎಂದು ಭೂಪಟದಲ್ಲಿ ನೋಡಿಟ್ಟುಕೊಳ್ಳಿ. ಅಧಿಕಾರಿಗೆ ಇರಬೇಕಾದ ಹದಿನೈದು ಗುಣಗಳನ್ನು ಅಲ್ಲಿ ಹುಡುಕುತ್ತಾರೆ. ಕೋಚಿಂಗಿನವರು ಹದಿನೈದನ್ನೂ ಎರಡು ವಾರದಲ್ಲಿ ಹಾಕಿಕೊಡುತ್ತಾರೆ, ಜಿಎಸ್‌ಟಿ ಪ್ರತ್ಯೇಕ.

ಮೊದಲ ದಿನ ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡು ತೋರಿಸಿ, ನಾಲ್ಕು ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಒಬ್ಬ ನಿಂತಿದ್ದಾನೆ, ಒಬ್ಬಳು ಕೂತಿದ್ದಾಳೆ, ಹಿಂದೆ ಮರವೋ ಲೈಟ್ ಕಂಬವೋ. ಕೋಚಿಂಗ್ ಮುಗಿಸಿದವರೆಲ್ಲ ಬರೆಯುವುದು ಹೀಗೆ: ರಾಜೇಶ್ ರಜೆಗೆಂದು ಹಳ್ಳಿಗೆ ಬರುತ್ತಾನೆ. ಹಳ್ಳಿಯಲ್ಲಿ ನೀರಿಲ್ಲ. ಜನರನ್ನು ಸೇರಿಸುತ್ತಾನೆ, ಪಂಚಾಯ್ತಿಯವರನ್ನು ಒಪ್ಪಿಸುತ್ತಾನೆ, ಕೆರೆಯ ಹೂಳೆತ್ತಿಸುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿನ ಮನಃಶಾಸ್ತ್ರಜ್ಞರು ಇಂಥ ಎಷ್ಟು ಕೆರೆಗಳ ಹೂಳು ಓದಿರಬೇಡ! ನಿಮ್ಮ ರಾಜೇಶ ಪಿಡಿಒ ಕಚೇರಿಗೆ ಹೋಗಲಿ. ‘ಸಾಹೇಬ್ರು ಮೀಟಿಂಗಿಗೆ ಹೋಗವ್ರೆ, ಸೋಮವಾರ ಬಾ’ ಅನ್ನಿಸಿಕೊಳ್ಳಲಿ. ಸೋಮವಾರ ಮತ್ತೆ ಹೋಗಲಿ. ಆ ರಾಜೇಶನನ್ನು ನಾನಂತೂ ನಂಬುತ್ತೇನೆ.

ಕಥೆ ಬರೆದ ಮೇಲೆ ಗುಂಪಾಗಿ ಕೂತು ಎಲ್ಲರೂ ಸೇರಿ ಒಂದೇ ಕಥೆಗೆ ಬರಬೇಕು. ಎಪಿಎಂಸಿಯಲ್ಲಿ ಈರುಳ್ಳಿ ಹರಾಜು ನೋಡಿದವರಿಗೆ ಈ ಸದ್ದು ಹೊಸದಲ್ಲ. ಇಲ್ಲೇ ದೊಡ್ಡ ಪಾಲು ಜನ ಅದೇ ದಿನ ಮನೆಗೆ.

ಉಳಿದವರಿಗೆ ಮರುದಿನ 15 ಸೆಕೆಂಡಿಗೊಂದರಂತೆ 60 ಪದ, ನೋಡಿದ ಕೂಡಲೇ ವಾಕ್ಯ ಬರೆಯಬೇಕು. ಆಮೇಲೆ ಅರ್ಧ ಗಂಟೆಯಲ್ಲಿ 60 ಸಂದರ್ಭಗಳು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಅಭ್ಯಾಸಕ್ಕೆ ಪುಸ್ತಕ ಕೊಳ್ಳಬೇಡಿ, ಮನೆಯಲ್ಲೇ ಸಾಮಗ್ರಿ ಇದೆ. ಉದಾಹರಣೆಗೆ: ನಾಳೆ ಕೆಮಿಸ್ಟ್ರಿ ಪರೀಕ್ಷೆ. ಅಮ್ಮ ರಾಗಿ ಬೀಸಿಸಿಕೊಂಡು ಬಾ ಎನ್ನುತ್ತಾರೆ. ಗಿರಣಿಯಲ್ಲಿ ಕರೆಂಟಿಲ್ಲ. ನೀವು...

ಕೋಚಿಂಗ್ ಉತ್ತರ: ಟ್ರಾನ್ಸ್‌ಫಾರ್ಮರ್ ಸರಿಪಡಿಸಿ, ಸಾಲಿನಲ್ಲಿದ್ದ ಎಲ್ಲರ ಹಿಟ್ಟು ಮಾಡಿಸಿ, ದಾರಿಯಲ್ಲಿ ಸರಗಳ್ಳನನ್ನು ಹಿಡಿದು, ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದೆ. ನಿಜವಾಗಿ ನಡೆಯುವುದು: ಗಿರಣಿ ಕಟ್ಟೆ ಮೇಲೆ ಕೂತು ರೀಲ್ಸ್ ನೋಡುವುದು. ನಮ್ಮ ಸಲಹೆ: ಚೀಲದ ಮೇಲೆ ಹೆಸರು ಬರೆಸಿ, ಗಿರಣಿಯವನಿಗೆ ಹೇಳಿ, ಮನೆಗೆ ಬಂದು ಓದಿ, ಸಂಜೆ ಹೋಗಿ ತನ್ನಿ. ಇಷ್ಟು ಬಂದರೆ ಹದಿನೈದರಲ್ಲಿ ಐದಾರು ಗುಣ ಬಂದಂತೆ, ರಸೀದಿ ಇಲ್ಲದೆ.

ಸಂದರ್ಶನಕ್ಕೆ ಮೊದಲೇ ಒಂದು ಫಾರಂ ತುಂಬಿಸುತ್ತಾರೆ. ಹವ್ಯಾಸದ ಜಾಗದಲ್ಲಿ ‘ಪುಸ್ತಕ ಓದುವುದು’ ಎಂದು ಬರೆಯುವ ಮುನ್ನ ಕೊನೆಯದಾಗಿ ಯಾವುದು ಓದಿದ್ದು ಎಂದು ನೆನಪಿಸಿಕೊಳ್ಳಿ. ಗೈಡ್ ಲೆಕ್ಕಕ್ಕಿಲ್ಲ. ಅಧಿಕಾರಿ ಒಂದೇ ಉಸಿರಿಗೆ ಕೇಳುತ್ತಾರೆ: ಒಂಬತ್ತನೆಯಿಂದ ಇಲ್ಲಿಯವರೆಗೆ ಮಾರ್ಕ್ಸ್ ಎಷ್ಟು, ಯಾವ ಮೇಷ್ಟ್ರು ಇಷ್ಟ, ಯಾರು ಇಷ್ಟವಿಲ್ಲ, ಯಾಕೆ, ಗೆಳೆಯರು ಯಾರು, ಅವರು ನಿಮ್ಮಲ್ಲಿ ಕಂಡ ದೋಷವೇನು, ಮನೆಯಲ್ಲಿ ಯಾವ ಕೆಲಸ ನಿಮ್ಮದು. ಎಲ್ಲವನ್ನೂ ನೆನಪಿಟ್ಟು ಸಾಲಾಗಿ ಉತ್ತರಿಸಬೇಕು. ಕೊನೆಯ ಪ್ರಶ್ನೆಗೆ ತಡವರಿಸುವವರೇ ಹೆಚ್ಚು. ಮನೆ ಕೆಲಸವನ್ನು ಕೋಚಿಂಗಿನಲ್ಲಿ ಹೇಳಿಕೊಡುವುದಿಲ್ಲವಲ್ಲ.

ಮೈದಾನದಲ್ಲಿ ಫಟ್ಟಾ, ಬಲ್ಲಿ, ರಸ್ಸಿ ಕೊಟ್ಟು ಗುಂಪಾಗಿ ದಾಟಿ ಎನ್ನುತ್ತಾರೆ. ಅಂದರೆ ಹಲಗೆ, ಗಳು, ಹಗ್ಗ. ಕೆಂಪು ಬಣ್ಣ ಮುಟ್ಟುವಂತಿಲ್ಲ. ಒಬ್ಬೊಬ್ಬರಾಗಿ ದಾಟಲು ಹತ್ತು ಅಡೆತಡೆ, ಮೂರು ನಿಮಿಷ. ಮಾವಿನಮರ ಹತ್ತಿ ಬೈಸಿಕೊಂಡವರು ನಿರಾತಂಕವಾಗಿರಿ.

ಹಂತ 4: ದೇಹ ತಪಾಸಣೆ

ಕಾಲು ಒದ್ದೆ ಮಾಡಿಕೊಂಡು ಕೆಂಪು ಗಾರೆ ನೆಲದ ಮೇಲೆ ನಿಲ್ಲಿ. ಪಾದದ ಗುರುತು ನಡುವೆ ಬಾಗದೆ ಪೂರ್ತಿ ಮೂಡಿದರೆ ಅದು ಚಪ್ಪಟೆ ಪಾದ, ಈಗಲೇ ಡಾಕ್ಟರನ್ನು ಕಾಣಿ. ಅಟೆನ್ಷನ್‌ನಲ್ಲಿ ನಿಂತಾಗ ಮಂಡಿ ಮಂಡಿಗೆ ತಾಗಿ ಪಾದಗಳು ದೂರ ಉಳಿಯುತ್ತವೆಯೇ ನೋಡಿ. ಕಿವಿಯ ಗುಗ್ಗೆಯನ್ನು ಡಾಕ್ಟರಿಂದಲೇ ತೆಗೆಸಿ, ಅಮ್ಮನ ಹೇರ್‌ಪಿನ್ನಿನಿಂದ ಬೇಡ. ಹುಡುಗಿಯ ಹೆಸರಿನ ಹಚ್ಚೆ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಮುಂದೂಡಿ. ಹಚ್ಚೆಯ ವಿಷಯದಲ್ಲಿ ಸೈನ್ಯ ನಿಮ್ಮಪ್ಪನಷ್ಟೇ ಕಟ್ಟುನಿಟ್ಟು.

ದೋಷ ನಿವಾರಣೆ

ಐದನೇ ದಿನ ಕಾನ್ಫರೆನ್ಸ್. ಸಂಜೆ ಆಯ್ಕೆಯಾದವರ ಚೆಸ್ಟ್ ನಂಬರ್ ಕೂಗುತ್ತಾರೆ. ನಿಮ್ಮದು ಬರದಿದ್ದರೆ ನಂಬರ್ ಬರೆದ ಬಿಳಿ ಬಟ್ಟೆಯ ತುಂಡನ್ನು ವಾಪಸು ಕೊಟ್ಟು, ಮೊದಲ ಸಲ ಹೋದವರಾದರೆ ರೈಲು ಚಾರ್ಜು ಪಡೆಯಲು ಟಿಕೆಟ್ ತೋರಿಸಿ. ವಯಸ್ಸಿದ್ದರೆ ಮತ್ತೆ ಅರ್ಜಿ ಹಾಕಿ. ಡಿಗ್ರಿ ಮುಗಿಸಿ, ಪದವೀಧರರಿಗಿರುವ ಸಿಡಿಎಸ್ ಪರೀಕ್ಷೆ ಬರೆಯುವ ದಾರಿಯೂ ಇದೆ.

ನೆಂಟರಿಗೆ ಏನು ಹೇಳುವುದು? ‘ಮೆಡಿಕಲ್ಲಲ್ಲಿ ಹೋಯ್ತು’ ಎಂಬುದು ನಾಡಿನಾದ್ಯಂತ ಚಾಲ್ತಿಯಲ್ಲಿರುವ ಉತ್ತರ, ಮುಂದಕ್ಕೆ ಪ್ರಶ್ನೆ ಹುಟ್ಟುವುದಿಲ್ಲ. ಆದರೆ ಬಳಸುವ ಮುನ್ನ ಎಚ್ಚರಿಕೆ: ಹತ್ತು ವರ್ಷದ ನಂತರ ನಿಮ್ಮ ಮದುವೆ ಮಾತುಕತೆಯಲ್ಲಿ ಬೀಗರಾಗುವವರ ಕಿವಿಯ ಹತ್ತಿರ ಬಗ್ಗಿ, ‘ಹುಡುಗನಿಗೆ ಏನೋ ಮೆಡಿಕಲ್ ಪ್ರಾಬ್ಲಂ ಇತ್ತಂತೆ, ವಿಚಾರಿಸಿದ್ರಾ?’ ಎನ್ನುವವರು ಇದೇ ನೆಂಟರು.