ಹೊಸಪೇಟೆ ಒಡೆಯಿತು

ಊರಿನ ಗುಣ ಅದರ ಪಿನ್‌ಕೋಡಿನಲ್ಲೇ ಇರುತ್ತದೆ ಎಂಬುದು ನನ್ನ ವಾದ. ಮನೆಯಲ್ಲಿ ಯಾರೂ ಒಪ್ಪಿಲ್ಲ.

ಸಂಡೂರನ್ನೇ ನೋಡಿ: 583119. ಅಂಕಿಗಳನ್ನು ಕೂಡಿದರೆ 27, ಅಲ್ಲಿಗೆ ಮೂರಕ್ಕೆ ದಾರಿ ಸಿಕ್ಕಿತು. ಮೂರರಿಂದ ಅಗೆಯಿರಿ, ಮತ್ತೆ ಅಗೆಯಿರಿ, ಒಟ್ಟು ನಾಲ್ಕು ಸಲ ಅಗೆದರೂ ಶೇಷ ಉಳಿಯುವುದಿಲ್ಲ. ತಳದಲ್ಲಿ 23 ಮತ್ತು 313. ಗಣಿ ಊರಿಗೆ ಇದಕ್ಕಿಂತ ಒಳ್ಳೆಯ ನಂಬರು ಯಾರು ಕೊಟ್ಟಾರು? ಕಂಪ್ಲಿಯ 583132 ಕಬ್ಬಿನ ಜಲ್ಲೆಯಂತೆ ಗೆಣ್ಣು ಗೆಣ್ಣಿಗೂ ಮುರಿಯುತ್ತದೆ: 2, 2, 11, 29, 457. ಹನ್ನೊಂದನ್ನು ಹಿಡಿಯುವ ಉಪಾಯ ಸುಲಭ. ಒಂದು ಬಿಟ್ಟು ಒಂದು ಅಂಕಿ ಕೂಡಿದರೆ 5, 3, 3 ಸೇರಿ 11. ಉಳಿದ 8, 1, 2 ಸೇರಿಯೂ 11. ಎರಡು ಕಡೆಯ ಲೆಕ್ಕ ಇಷ್ಟು ಸಲೀಸಾಗಿ ತಾಳೆಯಾಗುವುದನ್ನು ನಾನು ಬೀಗರ ನಡುವೆ ಕಂಡಿಲ್ಲ. ಹಂಪಿಯ 583239 ಮಾತ್ರ ಒಂದು ಮೂರನ್ನು ಉದುರಿಸಿ, 194413 ಎಂಬ ಅವಿಭಾಜ್ಯ ಬಂಡೆಯಾಗಿ ಕೂತುಬಿಡುತ್ತದೆ.

ಈ ಪಿನ್‌ಕೋಡನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿ. ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕವಿ ಕೊಟ್ಟದ್ದನ್ನು ಸುಮ್ಮನೆ ನಕಲು ಮಾಡುವುದು ಅರಸಿಕರ ಕೆಲಸ. 2021ರಲ್ಲಿ ಸರ್ಕಾರ ಬಳ್ಳಾರಿ ಜಿಲ್ಲೆಯನ್ನು ಒಡೆದು ಹೊಸಪೇಟೆ, ಹಂಪಿಗಳನ್ನು ವಿಜಯನಗರಕ್ಕೆ ಕೊಟ್ಟಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಅಂಚೆಯವರು ಮಾತ್ರ ನಾಲ್ಕನ್ನೂ ಇನ್ನೂ 583ರ ಸೂರಿನಡಿಯೇ ಇಟ್ಟುಕೊಂಡಿದ್ದಾರೆ. (583 ತಾನಾಗಿಯೇ 11, 53 ಎಂದು ಪಾಲಾಗುತ್ತದೆ ಎಂಬುದನ್ನು ದಯವಿಟ್ಟು ಯಾರೂ ಸರ್ಕಾರಕ್ಕೆ ಹೇಳಬೇಡಿ.)

ಹೊಸಪೇಟೆ ನನ್ನ ಕೈಗೆ ಬಿದ್ದದ್ದು ಮಗಳ ಮದುವೆಯ ಹೊತ್ತಿಗೆ. ಪಾಪಿನಾಯಕನಹಳ್ಳಿಯ ನಮ್ಮ ಪಡಸಾಲೆಯಲ್ಲಿ ಲಗ್ನಪತ್ರಿಕೆಗಳಿಗೆ ವಿಳಾಸ ಬರೆಯಲು ನನ್ನನ್ನು ಕೂರಿಸಿದ್ದರು. ಉಳಿದ ಕೆಲಸಗಳಿಗೆ ನಾನು ಆಗಿಬರುವವನಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. 583201 ಎಂದು ಬರೆದೆ. ಮೂರಕ್ಕೆ ಬಗ್ಗಲಿಲ್ಲ, ಏಳಕ್ಕೆ ಬಗ್ಗಲಿಲ್ಲ, ಹನ್ನೊಂದು, ಹದಿಮೂರು, ಹದಿನೇಳು, ಊಹೂಂ. ಲಕೋಟೆಯ ಬೆನ್ನೆಲ್ಲ ಭಾಗಾಕಾರ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಕೊನೆಗೆ ಸಿಕ್ಕಿತು: 643 × 907. ಎರಡೂ ಅವಿಭಾಜ್ಯ! 643ಕ್ಕಿಂತ ಚಿಕ್ಕ ಅವಿಭಾಜ್ಯ ಸಂಖ್ಯೆಗಳು 116 ಇವೆ. ಅವುಗಳಲ್ಲಿ ಒಂದಕ್ಕೂ ಹೊಸಪೇಟೆ ಜಗ್ಗುವುದಿಲ್ಲ. ಇವೆರಡನ್ನು ಗುಣಿಸಲು ಒಂದು ನಿಮಿಷ ಸಾಕು, ಬಿಡಿಸಲು ಮಧ್ಯಾಹ್ನವೇ ಬೇಕು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಫಜೀತಿಯನ್ನೇ ಗುಟ್ಟಿನ ಸಂದೇಶಗಳಿಗೆ ಬೀಗವಾಗಿಸಿದರು. ಅವರ ಸಂಖ್ಯೆಗಳಿಗೆ ನೂರಾರು ಅಂಕಿ. ಬಿಡಿಸುವುದಕ್ಕೆ ಕಂಪ್ಯೂಟರುಗಳೂ ಕೈಚೆಲ್ಲುತ್ತವೆ.

ಖುಷಿ ತಡೆಯಲಾಗದೆ ಕೂಗಿದೆ: “ಲೇ, ಹೊಸಪೇಟಿ ಒಡೀತು!”

ಒಳಗೆ ಪಾತ್ರೆ ಬಿದ್ದ ಸದ್ದು. “ಅಯ್ಯೋ ಶಿವನೇ, ಡ್ಯಾಮಿನ ಗೇಟು ಮತ್ತ ಹೋತೇನ್ರೀ?”

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ಮೇಲೆ ನಮ್ಮ ಸೀಮೆಯಲ್ಲಿ ಆಡಬಾರದ ಮಾತು ಅದು. ಸಮಾಧಾನ ಮಾಡೋಣವೆಂದು, “ಹತ್ತೊಂಬತ್ತೂ ಅವಿಭಾಜ್ಯನ ಐತಿ ನೋಡು” ಎಂದೆ. ಅಷ್ಟರಲ್ಲಿ ಪಕ್ಕದ ಮನೆಯವರು ಕಂಪ್ಲಿಯ ನೆಂಟರಿಗೆ ಫೋನು ಹಚ್ಚಿ, ನೀರು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು.